ಕಾಯುವ ಕಾಂಗೊ

ತ್ರಾಸಿಯ ಐಸ್ ಪ್ಲಾಂಟಿನ ಮೋಟಾರು ಗುಂಯ್ಯೆನ್ನುತ್ತದೆ. ಅದಕ್ಕೇ ಶ್ರುತಿ ಹಿಡಿದು ಸ್ವರ್ಣಲತಾ ಮೀನಿಗೆ ಐಸ್ ಹಾಕುತ್ತಾ ಹಾಡುತ್ತಾಳೆ. ತೊಂಬತ್ತೇಳನೇ ಇಸವಿಯಲ್ಲಿ ಅವಳು ಮದುವೆಮನೆಗಳ ಆರ್ಕೆಸ್ಟ್ರಾದ ಗಾಯಕಿ. ಪಕ್ಕದಲ್ಲಿ ಕಾಂಗೊ ಡ್ರಮ್ಮು ಬಾರಿಸುತ್ತಿದ್ದವನು ನೆರೆಮನೆಯ ಕುಷ್ಟ.

ಮೊನ್ನೆ ಬೈಂದೂರಿನ ಪ್ರವೀಣ, ಹಳೆ ಹಾಡುಗಳ ಸಂಜೆಗೆ ಅವಳನ್ನು ಕರೆಯಲು ಬಂದ. ಕುಷ್ಟನ ಕಾಂಗೊವೂ ಇರಲಿ ಎಂದಳು ಅವಳು.

“ಕಾಂಗೊ ಎಲ್ಲ ಎಂತಕ್ಕೆ ಸ್ವರ್ಣಕ್ಕಾ? ಸಂಗೀತ ಪೂರಾ ಪೆನ್ ಡ್ರೈವಲ್ಲಿತ್ತ್. ನೀವೊಬ್ರೇ ಬನ್ನಿ.”

“ನಾ ಸಾಲು ಮರ್ತ್ರೆ ಕುಷ್ಟಣ್ಣ ಇನ್ನೊಂದ್ ಸುತ್ತು ಬಾರಿಸಿ ಕಾಯ್ತಿದ್ದ. ನಿನ್ನ ಪೆನ್ ಡ್ರೈವ್ ಕಾಯತ್ತಾ ಮಾರಾಯಾ?”

“ನೀವು ಮರೀಬೇಡಿ, ಅಷ್ಟೇ.”

“ಹಂಗಾರೆ ಅದ್ರ್ ಹತ್ರವೇ ಹಾಡ್ಸ್. ನಾ ಒಬ್ಳೇ ಬತ್ತಿಲ್ಲೆ.”

ಕೈ ಒರೆಸಿಕೊಂಡು ಅವಳು ಕುಷ್ಟನ ಮನೆಯತ್ತ ಹೊರಟೇಬಿಟ್ಟಳು.

“ಹ್ವಾಯ್ ಕುಷ್ಟಣ್ಣಾ, ಅಟ್ಟದಿಂದ ಕಾಂಗೊ ಕೆಳಗಿಳ್ಸ್! ಇವತ್ತ್ ಸಂಜೆ ಇಲ್ಲೇ, ಐಸ್ ಪ್ಲಾಂಟಿನ ಎದ್ರಿಗೇ, ನಾವಿಬ್ರೂ…”