ಮುಸುರೆ ಇಲ್ಲದ ಬಟ್ಟೆ

ಸುಶೀಲಾ ಐತಾಳರು ಹುಟ್ಟು ಪುಕ್ಕಲರು. ಲಿಫ್ಟ್ ಹತ್ತಲು ಹೆದರಿಕೆ, ಕುಕ್ಕರಿನ ಸೀಟಿಗೆ ಹೆದರಿಕೆ, ಮಗ ಪ್ರಶಾಂತ ಮಕರಪುರದ ಕಾರ್ಖಾನೆಯಿಂದ ಬರುವುದು ತುಸು ತಡವಾದರೂ ಎದೆ ಢವಢವ. ಮದುವೆಯಾಗಿ ಕರಾವಳಿಯ ಕೋಟದಿಂದ ವಡೋದರಕ್ಕೆ ಬಂದ ಹೊಸತರಲ್ಲಿ ಕಿರಾಣಿ ಅಂಗಡಿಯ ಮುದುಕಿ “ಮಗ್ ಜೋಇಯೆ?” ಎಂದು ಕೇಳಿದ್ದಕ್ಕೆ, ಮಗ ಬೇಕೇ ಎಂದು ಕೇಳಲು ಇವಳ್ಯಾರು ಎಂದು ಗಾಬರಿಯಾಗಿ ಮನೆಗೆ ಓಡಿಬಂದವರು. ಇಲ್ಲಿ ಹೆಸರುಕಾಳಿಗೆ ಮಗ್ ಎನ್ನುತ್ತಾರೆ ಎಂದು ಗಂಡ ಶಂಕರನಾರಾಯಣರು ಬಿಡಿಸಿ ಹೇಳುವಷ್ಟರಲ್ಲಿ ನಕ್ಕೂ ನಕ್ಕೂ ಅವರ ಹೊಟ್ಟೆ ಹುಣ್ಣಾಗಿತ್ತು.

ಆಮೇಲೆ ಆ ಮಗ್ಗಿನಿಂದಲೇ ಸುಶೀಲಾ ಊರಿಗೆ ಪರಿಚಯವಾದರು. ಐತಾಳರ ಹೋಟೆಲು ಫತೇಗಂಜಿನಲ್ಲಿ, ಹಾಸ್ಟೆಲುಗಳ ಹತ್ತಿರ. ದೋಸೆ, ಇಡ್ಲಿ ಗಂಡನ ಉಸ್ತುವಾರಿ. ಮೊಳಕೆ ಹೆಸರುಕಾಳಿನ ಕೋಸಂಬರಿ ಮಾತ್ರ ಸುಶೀಲಾ ಅವರದು. ತೂಕ ಇಳಿಸಿಕೊಳ್ಳಬೇಕೆಂದು ಹಟ ತೊಟ್ಟ ಹುಡುಗಿಯರು ಅದನ್ನು ಹುಡುಕಿಕೊಂಡು ಬರುತ್ತಿದ್ದರು. ಕಾಳು ನೆನೆಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಒಲೆಯ ಮಗ್ಗುಲಿನ ಮೊಳೆಗೆ ತೂಗುಹಾಕುವ ಆ ಕೆಲಸಕ್ಕೆ ಬೇರೆಯವರು ಕೈ ಹಾಕುವಂತಿರಲಿಲ್ಲ.

ಆ ಬಟ್ಟೆಯ ವಿಷಯಕ್ಕೆ ಬರಬೇಕು. ಸುಶೀಲಾ ಅವರ ಲೆಕ್ಕದಲ್ಲಿ ಅಡಿಗೆಮನೆಯ ಲೋಕ ಎರಡೇ ಭಾಗ: ಮುಸುರೆ ಇದ್ದದ್ದು, ಇಲ್ಲದ್ದು. ಬೆಂದ ಅನ್ನ, ಸಾಂಬಾರು, ಇಡ್ಲಿ ಮುಸುರೆ. ಅದನ್ನು ಮುಟ್ಟಿದ ಕೈ ತೊಳೆಯಬೇಕು, ಪಾತ್ರೆ ತಿಕ್ಕಬೇಕು. ಇಡ್ಲಿಯ ಬಟ್ಟೆಯಂತೂ ಸೋಪು ಕಂಡು, ಕುದಿನೀರು ಕಂಡು, ಬಿಸಿಲು ಕಂಡೇ ಒಳಗೆ ಬರಬೇಕು. ನೆನೆದ ಕಾಳು ಬೆಂದದ್ದಲ್ಲ, ಆದ್ದರಿಂದ ಮುಸುರೆಯಲ್ಲ. ಮುಸುರೆಯಿಲ್ಲದ ಬಟ್ಟೆಗೆ ಸೋಪು ಯಾಕೆ? ತಣ್ಣೀರಲ್ಲಿ ಜಾಲಾಡಿಸಿ, ಹಿಂಡಿ, ಅದೇ ಮೊಳೆಗೆ ಹಾಕುತ್ತಿದ್ದರು. ವಡೋದರದ ಬೇಸಗೆಯಲ್ಲಿ ಒಮ್ಮೊಮ್ಮೆ ಅದು ಲೋಳೆಯಾಗಿ ಕೈಗೆ ಜಾರುತ್ತಿತ್ತು. ಲೋಕದ ಎಲ್ಲದಕ್ಕೂ ಹೆದರುವ ಈ ಹೆಂಗಸಿಗೆ ಅದೊಂದಕ್ಕೆ ಹೆದರಬೇಕೆಂದು ಯಾರೂ ಹೇಳಿರಲಿಲ್ಲ.

ಸೊಸೆ ಪ್ರತೀಕ್ಷಾ ಅಹಮದಾಬಾದಿನ ಬೋಡಕ್‌ದೇವದಲ್ಲಿ ಬೆಳೆದ ಹುಡುಗಿ. ಕನ್ನಡ ಅಷ್ಟಕ್ಕಷ್ಟೆ. ಒಂದು ಬಸಿರು ನಿಲ್ಲದೆ ಹೋಗಿ, ಬಹಳ ಕಾಲ ಕಾದ ಮೇಲೆ ಮತ್ತೆ ಬಸಿರಾಗಿ ಏಳು ತಿಂಗಳು ತುಂಬಿತ್ತು. ಸುಶೀಲಾ ಅವಳನ್ನು ಗಾಜಿನ ಬಳೆಯಂತೆ ನೋಡಿಕೊಂಡರು. ಹೊರಗಿನದು ಏನೂ ಬೇಡ, ಪಾನಿಪುರಿಯ ಹೆಸರೆತ್ತಬೇಡ. ಮಗ ಕೆಲಸಕ್ಕೆ ಹೊರಟ ಮೇಲೆ ಬೆಳಿಗ್ಗೆ, ಹೋಟೆಲಿಗೆ ಕಟ್ಟಿದ್ದರಲ್ಲೇ ತೆಗೆದ ಒಂದು ಬಟ್ಟಲು ಹಸಿ ಮೊಳಕೆಕಾಳು ಮಾತ್ರ ತಪ್ಪಿಸುವಂತಿಲ್ಲ.

“ಅತ್ತೆ, ಪ್ಲೀಸ್, ಸ್ವಲ್ಪ ವಘಾರ್ ಕೊಟ್ಟು ಕುಕ್ ಮಾಡಿ ನಾ. ಹಸಿ ಹಸಿ ಸ್ಮೆಲ್ ಬರತ್ತೆ,” ಎಂದಳು ಪ್ರತೀಕ್ಷಾ. ಒಗ್ಗರಣೆಗೆ ಅವಳ ಬಾಯಲ್ಲಿ ಗುಜರಾತಿಯ ಮಾತೇ ಬರುವುದು.

“ಬೇಯ್ಸಿದ್ರೆ ಸತ್ವ ಎಲ್ಲ ಹೋತ್ ಮಗಾ. ಕಣ್ಮುಚ್ಚಿ ತಿನ್ನು,” ಎಂದು ಸುಶೀಲಾ ಎದುರಿಗೇ ಕುಳಿತು ಬಟ್ಟಲು ಬರಿದಾಗುವ ತನಕ ಏಳಲಿಲ್ಲ.

ವಾರ ಕಳೆಯುವುದರೊಳಗೆ ಹುಡುಗಿಗೆ ಹೊಟ್ಟೆನೋವು, ಭೇದಿ, ಮೈ ಕೆಂಡದಂಥ ಜ್ವರ. ಆಸ್ಪತ್ರೆಗೆ ಸೇರಿಸುವಾಗ ಕಣ್ಣು ಬಿಡುವಷ್ಟೂ ತ್ರಾಣ ಉಳಿದಿರಲಿಲ್ಲ. ಒಳಗೆ ಅವಳ ಹೊಟ್ಟೆಗೆ ಯಂತ್ರದ ಪಟ್ಟಿ ಕಟ್ಟಿದ್ದರು. ಮಗುವಿನ ಎದೆಬಡಿತ ವಿಪರೀತ ಜೋರಾಗಿದೆ ಎಂದು ನರ್ಸು ಹೇಳಿದಳು.

ಡಾಕ್ಟರಮ್ಮ ಹೊರಗೆ ಬಂದು ಹಿಂದಿಯಲ್ಲಿ ಕೇಳಿದರು: “ಹೊರಗೆ ಏನಾದರೂ ತಿಂದಿದ್ದರಾ?”

“ಪಾನಿಪುರಿ!” ಎಂದರು ಸುಶೀಲಾ. ಕಂಡವರಂತೆ, ಆಣೆ ಇಟ್ಟವರಂತೆ. “ನಂಗೆ ತಿಳಿಯದಂಗೆ ತಿಂದಿರ್ತಾಳೆ ಕಾಣಿ.”

“ಇಲ್ಲಮ್ಮ, ಅವಳು ತಿಂದಿಲ್ಲ,” ಎಂದ ಪ್ರಶಾಂತ.

“ಹಸಿಯಾಗಿ ಏನಾದರೂ? ಸಲಾಡು, ಕಾಯಿಸದ ಹಾಲು, ಮೊಳಕೆಕಾಳು?”

ಪ್ರಶಾಂತ ತಲೆಯಾಡಿಸಿ, “ಇಲ್ಲ ಡಾಕ್ಟರ್, ಮನೆ ಊಟವೇ,” ಎಂದ.

ಸುಶೀಲಾ ಸೊಸೆಯ ಕೋಣೆಯತ್ತ ನೋಡಿದರು. ಬೆಳಗಿನ ಆ ಬಟ್ಟಲು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ಒಳಗೆ ಎಚ್ಚರವಿಲ್ಲದೆ ಮಲಗಿದ್ದಾಳೆ. ಹೇಳಿದರೆ ಮಗ ಏನೆನ್ನುತ್ತಾನೆ? ಈ ಮಗುವೂ ಉಳಿಯದಿದ್ದರೆ ಜೀವ ಇರುವ ತನಕ ತನ್ನ ಮುಖ ನೋಡುತ್ತಾನೆಯೇ? ಹೇಳದೆ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಈ ಯೋಚನೆ ಬಂದದ್ದಕ್ಕೇ ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು. ಡಾಕ್ಟರಮ್ಮ ಆಗಲೇ ಬೆನ್ನು ತಿರುಗಿಸಿ ಬಾಗಿಲಿನತ್ತ ಹೊರಟಿದ್ದರು.

“ನಿಲ್ಲಿ ಮಾರಾಯ್ರೆ!” ಎಂದು ಸುಶೀಲಾ ಕನ್ನಡದಲ್ಲೇ ಕೂಗಿದರು. ಆಮೇಲೆ ಹರಕು ಹಿಂದಿಯಲ್ಲಿ ಎಲ್ಲ ಹೇಳಿದರು: ಮೊಳಕೆಕಾಳು, ಹಸಿ, ದಿನಾ, ತನ್ನ ಕೈಯಿಂದ. ಬೇಯಿಸಿ ಕೊಡಿ ಎಂದು ಹುಡುಗಿ ಕೇಳಿಕೊಂಡಿದ್ದಳು ಎಂಬುದನ್ನೂ ಬಿಡಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬೀಜದ ಸಿಪ್ಪೆಯ ಬಿರುಕಿನಲ್ಲೇ ಕ್ರಿಮಿ ಅಡಗಿರಬಹುದು, ಮೊಳಕೆ ಬರಿಸುವ ಬೆಚ್ಚಗಿನ ಒದ್ದೆಯಲ್ಲಿ ಅದು ಮಿತಿಯಿಲ್ಲದೆ ಹೆಚ್ಚುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಬಸುರಿಯರಿಗೆ ಚೆನ್ನಾಗಿ ಬೇಯಿಸದೆ ಕೊಡಲೇಬಾರದು ಎಂದರು. ಕೆಲವು ಕ್ರಿಮಿ ಮಗುವಿನ ತನಕ ಹೋಗುತ್ತವೆ. ರಕ್ತವನ್ನು ಪರೀಕ್ಷೆಗೆ ಕಳಿಸುತ್ತೇನೆ, ಫಲಿತಾಂಶ ಬರುವ ತನಕ ಆ ಕ್ರಿಮಿಗೂ ಸೇರಿಸಿ ಔಷಧಿ ಬದಲಾಯಿಸುತ್ತೇನೆ ಎಂದರು.

“ಕಟ್ಟುವ ಬಟ್ಟೆಯನ್ನು ಕುದಿಸುತ್ತೀರಿ ತಾನೆ?”

ಮೊಳೆಗೆ ತೂಗುವ ಬಟ್ಟೆ ಸುಶೀಲಾ ಅವರ ಕಣ್ಣಿಗೆ ಕಟ್ಟಿತು, ಆ ಲೋಳೆ ಬೆರಳಿಗೆ ಈಗ ಅಂಟಿದ ಹಾಗಾಯಿತು. ಆಗ ಇನ್ನೊಂದು ಹೆದರಿಕೆ ಎದ್ದುಬಂತು. ಅದೇ ಕಾಳು ಇವತ್ತು ಹೋಟೆಲಿನಲ್ಲೂ ಇದೆ. ಕೂಡಲೇ ಗಂಡನಿಗೆ ಫೋನು ಮಾಡಿದರು.

“ಕೋಸಂಬರಿ ಯಾರಿಗೂ ಬಡಿಸ್ಬೇಡಿ. ಎಲ್ಲ ಚೆಲ್ಲಿ. ಬಟ್ಟೆ ಸುಡಿ.”

“ಎಂತಕ್ಕೆ? ಅದು ಮುಸುರೆ ಅಲ್ವಲ್ಲ,” ಎಂದರು ಶಂಕರನಾರಾಯಣರು.

“ಸುಡಿ ಅಂದ್ರೆ ಸುಡಿ!” ಎಂದು ಸುಶೀಲಾ ಚೀರಿದ್ದಕ್ಕೆ ಕಾರಿಡಾರಿನವರೆಲ್ಲ ತಿರುಗಿ ನೋಡಿದರು.

ಜ್ವರ ಇಳಿಯುವ ತನಕ ಸುಶೀಲಾ ಆ ಬೆಂಚು ಬಿಟ್ಟು ಏಳಲಿಲ್ಲ. ಬಾಗಿಲು ತೆರೆದಾಗಲೆಲ್ಲ ಯಂತ್ರದ ಟಪಟಪ ಸದ್ದು ಕೇಳುತ್ತಿತ್ತು, ಮುಚ್ಚಿದಾಗ ಅದು ನಿಂತೇಹೋಯಿತೆಂದು ಜೀವ ಹಾರುತ್ತಿತ್ತು. ದೇವರ ಹೆಸರು ನಾಲಗೆಗೆ ಬರಲಿಲ್ಲ. ಪ್ರಶಾಂತ ಒಂದು ಲೋಟ ಚಹಾ ತಂದು ಪಕ್ಕದಲ್ಲಿಟ್ಟು, ಕೂರದೆ ಹೋದ. ಕೊನೆಗೆ ಡಾಕ್ಟರಮ್ಮನೇ ಬಂದು ಇಬ್ಬರೂ ಅಪಾಯದಿಂದ ಪಾರಾದರು, ಸಮಯಕ್ಕೆ ಸರಿಯಾಗಿ ಹೇಳಿದಿರಿ ಎಂದಾಗ ಸುಶೀಲಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಈಗ ಹೋಟೆಲಿನಲ್ಲಿ ಹಸಿ ಮೊಳಕೆ ಇಲ್ಲ. ಕಾಳು ಕೊತಕೊತ ಕುದ್ದು ಬೇಯದೆ ತಟ್ಟೆಗೆ ಬರುವುದಿಲ್ಲ. ಹೊಸ ಬಟ್ಟೆ ದಿನವೂ ಇಡ್ಲಿಯ ಬಟ್ಟೆಯ ಜೊತೆಗೇ ಕುದಿಯುತ್ತದೆ. ಹುಡುಗಿಯರು ಮೊದಲಿನ ರುಚಿಯಿಲ್ಲ ಎಂದು ಮೂಗು ಮುರಿದರೆ, ಸುಶೀಲಾ ಕೇಳಿಸಿಕೊಳ್ಳದವರಂತೆ ಒಳಗೆ ಹೋಗುತ್ತಾರೆ.

ಸೊಸೆ ಮನೆಗೆ ಬಂದ ದಿನ ಅವರು ಗಂಜಿ ಮಾಡಿ, ಆರಿಸಿ, ಬಟ್ಟಲಿನಲ್ಲಿ ತಂದರು. ಪ್ರತೀಕ್ಷಾ ನಗುತ್ತ ಕೈಚಾಚಿದಳು. ಚಾಚಿದ ಕೈ ಅರ್ಧದಲ್ಲಿ ನಿಂತಿತು. ಅವಳ ಕಣ್ಣು ಅತ್ತೆಯ ಬೆರಳುಗಳ ಮೇಲಿತ್ತು.

“ಅತ್ತೆ, ಸಾರಿ, ಬೇಜಾರ್ ಮಾಡ್ಕೋಬೇಡಿ. ಕೈ ಸೋಪಲ್ಲಿ ತೊಳ್ದ್ರಾ?”

ಕೆನ್ನೆಗೆ ಬಾರಿಸಿದಂತಾಯಿತು. ಜೀವಮಾನವಿಡೀ ಬೇರೆಯವರ ಕೈ ನೋಡಿ ಹೀಗೆ ಕೇಳಿಕೊಂಡು ಬಂದವರು ಅವರು. ತೊಳೆದಿದ್ದರು, ಚೆನ್ನಾಗಿಯೇ ತೊಳೆದಿದ್ದರು. ಆದರೆ ಹೌದು ಎನ್ನಲು ಹೋದರೆ ಧೈರ್ಯವೇ ಬರಲಿಲ್ಲ.

“ಇನ್ನೊಂದ್ಸಲ ತೊಳ್ಕಂಡ್ ಬತ್ತೆ ಮಗಾ,” ಎಂದು ಬಟ್ಟಲು ಮೇಜಿನ ಮೇಲಿಟ್ಟು ಒಳಗೆ ಹೋದರು.

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಬೆರಳ ಸಂದಿ, ಉಗುರು, ಮುಂಗೈ. “ಸಾಕು ಅತ್ತೆ, ಬನ್ನಿ,” ಎಂದು ಪ್ರತೀಕ್ಷಾ ಹೊರಗಿಂದ ಕರೆದಳು. ಸುಶೀಲಾ ಕೈ ಮೂಗಿನ ಹತ್ತಿರ ತಂದು ಮೂಸಿ ನೋಡಿ, ಮತ್ತೆ ಸೋಪು ಹಚ್ಚಿಕೊಂಡರು.