ಕಿತ್ತು ನೋಡುವ ತಮ್ಮ

ಪಾದರಸ ಎಂಬ ಅಡ್ಡಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಮೋಟರ್ ವೈಂಡಿಂಗ್ ಮಾಡುವ ಈ ಮನುಷ್ಯ ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ; ಊಟದ ನಡುವೆಯೂ ಎರಡು ಸಲ ಎದ್ದು ಬಾಗಿಲ ಚಿಲಕ ನೋಡಿ ಬರುತ್ತಾನೆ. ಆದರೆ ಈ ಒಂದು ತಿಂಗಳು ಅವನ ಪಾಡು ಅಂಡು ಸುಟ್ಟ ಬೆಕ್ಕಿನದೇ ಆಗಿತ್ತು.

ಕಾರಣ ಅಕ್ಕನ ಗಾಡಿ. ಚಿಕ್ಕಂದಿನಿಂದ ಕಾಲಲ್ಲಿ ಬಲವಿಲ್ಲದ ಅಕ್ಕ, ಬ್ಯಾಟರಿಯ ಮೂರು ಚಕ್ರದ ಗಾಡಿಯನ್ನು ತಾನೇ ಓಡಿಸಿಕೊಂಡು ರೈಲು ನಿಲ್ದಾಣದ ಟಿಕೆಟ್ ಕಿಟಕಿಗೆ ಕೆಲಸಕ್ಕೆ ಹೋಗುವವಳು. ಬ್ಯಾಟರಿ ಸೋತಾಗ, ‘ನಾನಿಲ್ವಾ?’ ಎಂದು ಎದೆ ತಟ್ಟಿಕೊಂಡು ಹೊಸ ಸೆಲ್ಲುಗಳನ್ನು ಜೋಡಿಸಿ, ಮೋಟರಿನ ತಂತಿಗೆ ಮಾಡುವಂತೆಯೇ ಸೀಸ ಕರಗಿಸಿ ಸಾಲ್ಡರ್ ಮಾಡಿಕೊಟ್ಟವನು ಇವನೇ. ಆ ಕಾವಿಗೆ ಸೆಲ್ಲುಗಳು ಒಳಗೊಳಗೇ ಬೆಂದಿದ್ದವು. ಮೇಲ್ಸೇತುವೆಯ ಏರಿನ ಮಧ್ಯದಲ್ಲಿ ಗಾಡಿ ನಿಂತುಹೋಯಿತು. ಹಿಂದಿನಿಂದ ಹಾರ್ನು, ಬೈಗುಳ. ಕೊನೆಗೆ ಯಾರೋ ಇಬ್ಬರು ಅವಳನ್ನು ಒಂದು ಮಾತೂ ಕೇಳದೆ, ಮೂಟೆಯಂತೆ ಎತ್ತಿ ಪಕ್ಕಕ್ಕಿಟ್ಟರು. ಅಕ್ಕ ಇದನ್ನು ಹೇಳಿದ್ದು ಒಂದೇ ಸಲ. ಅಂದಿನಿಂದ ಪಕ್ಕದ ಮನೆಯವರ ಕಾರಿಗೆ ಕಾಯುತ್ತಾಳೆ, ದಿನಕ್ಕೆ ಎರಡು ಸಲ ಥ್ಯಾಂಕ್ಸ್ ಹೇಳುತ್ತಾಳೆ. ಆ ಥ್ಯಾಂಕ್ಸ್ ಕಿವಿಗೆ ಬಿದ್ದಾಗಲೆಲ್ಲ ತಮ್ಮ ಎದ್ದು ತನ್ನ ಶೆಡ್ಡಿಗೆ ಹೋಗಿಬಿಡುತ್ತಿದ್ದ.

ಸೆಲ್ಲಿಗೆ ಕಾವು ತಾಗಬಾರದು, ಸೆಲ್ಲುಗಳನ್ನು ಒಂದಕ್ಕೊಂದು ಸೇರಿಸುವ ನಿಕಲ್ ಪಟ್ಟಿ ಮಾತ್ರ ಅಂಟಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೆ ರೆಪ್ಪೆ ಮಿಟುಕುವಷ್ಟರಲ್ಲಿ ಚುಕ್ಕೆಯಷ್ಟೇ ಜಾಗವನ್ನು ಬೆಸೆಯುವ ಸ್ಪಾಟ್ ವೆಲ್ಡರೇ ಗತಿ ಎಂದು ತಿಳಿದು ತಾನೇ ಮಾಡಲು ಕೂತ. ಹಳೆಯ ಆಂಪ್ಲಿಫೈಯರುಗಳಿಂದ ಲೋಟದ ಗಾತ್ರದ ಕೆಪಾಸಿಟರುಗಳನ್ನು ಬಿಚ್ಚಿ ಸಾಲಾಗಿ ಜೋಡಿಸಿದ. ತೊಟ್ಟಿಕ್ಕುವ ನಲ್ಲಿಯ ಕೆಳಗಿಟ್ಟ ಬಿಂದಿಗೆಯಂತೆ ಅವು ಮೆಲ್ಲಗೆ ಕರೆಂಟು ತುಂಬಿಕೊಳ್ಳುತ್ತವೆ. ಪೆಡಲ್ ಒತ್ತಿದರೆ ಅಷ್ಟನ್ನೂ ಒಂದೇ ಏಟಿಗೆ ಸುರಿದುಬಿಡುತ್ತವೆ. ಹೆಬ್ಬೆರಳು ದಪ್ಪದ ತಂತಿ, ಮೊನೆ ಉಜ್ಜಿದ ಎರಡು ತಾಮ್ರದ ಕಡ್ಡಿ, ಅಮ್ಮನ ಹೊಲಿಗೆ ಯಂತ್ರದ ಪೆಡಲು. ಮೊದಲ ದಿನ ಪಟ್ಟಿ ತೂತಾಯಿತು. ಮಾರನೆಯ ದಿನ ಕಡ್ಡಿಯೇ ಪಟ್ಟಿಗೆ ಕಚ್ಚಿಕೊಂಡಿತು. ಹತ್ತನೆಯ ದಿನ ‘ಟಕ್’ ಎಂದಿತು: ಸಾಸಿವೆಯಷ್ಟು ಎರಡು ಚುಕ್ಕೆ, ಸೆಲ್ಲು ತಣ್ಣಗೇ ಇತ್ತು.

ತೊಂದರೆ ಶುರುವಾದದ್ದೇ ಅಲ್ಲಿ. ಬೆಸುಗೆ ಗಟ್ಟಿಯೋ ಅಲ್ಲವೋ ತಿಳಿಯಬೇಕಾದರೆ ಇಕ್ಕಳದಿಂದ ಪಟ್ಟಿಯನ್ನು ಕಿತ್ತು ನೋಡಬೇಕು. ಪಟ್ಟಿ ಹರಿದು, ಚುಕ್ಕೆ ಸೆಲ್ಲಿನಲ್ಲೇ ಉಳಿದರೆ ಗಟ್ಟಿ. ಅಂದರೆ, ಗಟ್ಟಿಯೆಂದು ಗೊತ್ತಾಗುವಷ್ಟರಲ್ಲಿ ಅದು ಹಾಳಾಗಿರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಹಳೆಯ ಸೆಲ್ಲಿನ ಮೇಲೆ ನಾಲ್ಕು ಸಲ ನೋಡಿ ಮುಂದೆ ಹೋಗುತ್ತಿದ್ದರು. ಇವನಿಗೆ ಆಗಲಿಲ್ಲ. ಬೆಳಿಗ್ಗೆ ಹಾಕಿದ ಸಾಲನ್ನು ಸಂಜೆಯೊಳಗೆ ತಾನೇ ಕೀಳುತ್ತಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ಅವನೇ, ದೊಣ್ಣೆಯೂ ಅವನೇ.

ಭಾನುವಾರ ಅಕ್ಕ ಊರುಗೋಲು ಊರಿಕೊಂಡು ಅವನ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತಳು.

“ಇಲ್ಲಿವರೆಗೆ ಎಷ್ಟು ಕಿತ್ತೆ?”

“ನೂರರ ಮೇಲಾಯ್ತು.”

“ಅದ್ರಲ್ಲಿ ಗಟ್ಟಿ ಇಲ್ದೇ ಇದ್ದಿದ್ದೆಷ್ಟು?”

ಅವನು ತಲೆ ತಗ್ಗಿಸಿದ. “ಒಂದೂ ಇಲ್ಲ.”

“ಮತ್ತಿನ್ನೇನೋ ನಿಂದು?”

“ಇನ್ನೊಂದ್ಸಲ ಯಾರಾದ್ರೂ ನಿನ್ನನ್ನ ಹಾಗೆ ಎತ್ತಿಟ್ರೆ ನನ್ನ ಕೈಲಿ ತಡ್ಕೊಳಕ್ಕಾಗಲ್ಲ ಅಕ್ಕ.”

ಅಕ್ಕ ಮೇಜಿನ ಮೇಲಿದ್ದ ಇಕ್ಕಳವನ್ನು ಎತ್ತಿಕೊಂಡು ತನ್ನ ಚೀಲಕ್ಕೆ ಹಾಕಿ ಜಿಪ್ ಎಳೆದಳು. “ಈಗ ಮಾಡು. ನಾನಿಲ್ಲೇ ಕೂತಿರ್ತೀನಿ.”

ಕೀಳಲು ಬೆರಳು ತುರಿಸುತ್ತಿದ್ದರೂ ಅವನು ಸಂಜೆಯೊಳಗೆ ಕೊನೆಯ ಸಾಲನ್ನೂ ಮುಗಿಸಿ ಬ್ಯಾಟರಿಯನ್ನು ಗಾಡಿಗೆ ಕೂರಿಸಿದ.

ಸೋಮವಾರ ಅಕ್ಕ ಗಾಡಿ ಹತ್ತಿ ಹೊರಟಳು. ‘ಹಿಂದೆ ಬರಬೇಡ’ ಎಂದಿದ್ದಳು. ಇವನು ಕೇಳುವ ಪೈಕಿಯೇ? ಸೈಕಲ್ಲಿನಲ್ಲಿ ಹಿಂಬಾಲಿಸಿದ. ಮೇಲ್ಸೇತುವೆಯ ಏರಿನಲ್ಲಿ, ಹೋದ ಸಲದ ಅದೇ ಜಾಗದಲ್ಲಿ, ಗಾಡಿ ನಿಂತಿತು. ಸೈಕಲ್ಲನ್ನು ಅಲ್ಲೇ ಬೀಳಿಸಿ ಓಡಿದ.

“ನಿಂತೋಯ್ತಾ ಅಕ್ಕ?”

“ಅದೆಲ್ಲಿ ನಿಲ್ತು? ನಾನೇ ನಿಲ್ಲಿಸ್ದೆ.” ಅವಳು ರಸ್ತೆಯನ್ನು ಒಮ್ಮೆ ಮೇಲಿನಿಂದ ಕೆಳಗಿನ ತನಕ ನೋಡಿದಳು. “ಇಲ್ಲಿ ಒಂದ್ಸಲ ನಾನಾಗೇ ನಿಲ್ಲಬೇಕಿತ್ತು.”

ಚೀಲದಿಂದ ಇಕ್ಕಳ ತೆಗೆದು ಅವನ ಕೈಗಿಟ್ಟು, ಗಾಡಿ ಚಾಲೂ ಮಾಡಿ ಏರು ಹತ್ತಿ ಹೋದಳು. ಹಿಂದೆ ಲಾರಿಯವನು ಹಾರ್ನು ಹೊಡೆಯುತ್ತ ಬಾಯಿಗೆ ಬಂದಂತೆ ಬೈಯುತ್ತಿದ್ದ. ಈ ಸಲ ರಸ್ತೆ ನಡುವೆ ಬಿದ್ದಿದ್ದದ್ದು ಪಾದರಸನ ಸೈಕಲ್ಲು.