ಅಂಚಿನ ದಾರಿಯಲ್ಲಿ ಮೊಮ್ಮಗಳು

ಹೋದ ಭಾನುವಾರ ನನ್ನ ಮೊಮ್ಮಗಳು ಪಲ್ಲವಿ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಅದರಲ್ಲಿದ್ದದ್ದು ಅವಳ ಅಜ್ಜ ಬಿದ್ದು ಸತ್ತ ದಾರಿ.

ಅವಳಿಗದು ಗೊತ್ತಿರಲಿಲ್ಲ. ಅಜ್ಜ ಬೆಟ್ಟದಲ್ಲಿ ಬಿದ್ದುಹೋದರು ಎಂದಷ್ಟೇ ಮನೆಯಲ್ಲಿ ಹೇಳಿದ್ದೆವು.

ಅವಳ ಖುಷಿ ನೀವು ನೋಡಬೇಕಿತ್ತು. ಸಣ್ಣವಳಿದ್ದಾಗ ಸುಂಟಿಕೊಪ್ಪ ಸಂತೆಯಿಂದ ಮನೆಯ ಏರು ಹತ್ತುವಷ್ಟರಲ್ಲಿ ಉಬ್ಬಸ ಬಂದು ಕುಳಿತುಬಿಡುತ್ತಿದ್ದ ಹುಡುಗಿ. ಕಂಕುಳಲ್ಲಿ ಎತ್ತಿಕೊಂಡು ಡಾಕ್ಟರ ಹತ್ತಿರ ಓಡುತ್ತಿದ್ದವಳು ನಾನು. ಅಂಥವಳು ಟ್ರೆಕಿಂಗ್ ಹೋಗಿ ಬೆಟ್ಟದ ತುದಿ ಮುಟ್ಟಿ ಬಂದಿದ್ದಾಳೆ. ಪಕ್ಕದ ಮನೆಯವರನ್ನೂ ಕರೆದು ತೋರಿಸಿದೆ. (ನಾಲ್ಕನೇ ಕ್ಲಾಸಿನವರೆಗೆ ಓದಿದವಳು ನಾನು, ಮೊಬೈಲು ಉಲ್ಟಾ ಹಿಡಿದಿದ್ದೆ. ಎಲ್ಲರೂ ನಕ್ಕರು.)

“ಅಜ್ಜಿ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಬರೀ ಮಂಜು. ಕೆಳಗೆ ನೋಡಿದ್ರೆ ಮೈಯೆಲ್ಲ ಜುಂ ಅಂತದೆ.”

“ನಿಮ್ಮಜ್ಜನೂ ಹಂಗೇ ಅಂತಿದ್ರು.”

ಅಷ್ಟರಲ್ಲಿ ವಿಡಿಯೋದಲ್ಲಿ ಎದುರಿನಿಂದ ಯಾರೋ ದೊಡ್ಡ ಬ್ಯಾಗು ಹೊತ್ತು ಬಂದರು. ಪಲ್ಲವಿ ಪ್ರಪಾತದ ಬದಿಗೆ ಸರಿದು, ಹುಲ್ಲಿನ ಮೇಲೆ ನಿಂತು ದಾರಿ ಬಿಟ್ಟಳು.

ಅವಳು ನಿಂತ ಜಾಗಕ್ಕೆ ನಾನು ಬೆರಳಿಟ್ಟೆ.

“ಆ ಕಡೆ ಯಾಕೆ ನಿಂತೆ ಮಗಾ?”

“ಹೊರೆ ಹೊತ್ತವರು ಬಂದ್ರೆ ಒಳಬದಿ ಬಿಟ್ಕೊಡು ಅಂತ ತೋಟದ ದಾರೀಲಿ ನೀವೇ ಹೇಳ್ತಿದ್ರಲ್ಲ?”

ಹೌದು. ಏಲಕ್ಕಿ ಮಲೆಗೆ ಕೆಲಸಕ್ಕೆ ಹೋಗುತ್ತಿದ್ದ ನಮ್ಮೆಲ್ಲರ ಪದ್ಧತಿ ಅದು. ಮೂಟೆ ಹೊತ್ತವನು ಆಯ ತಪ್ಪಬಾರದು. ಬರಿಗೈಯವನು ಹೊರಗೆ ಸರಿಯಬೇಕು. ಅವತ್ತು ಬೆಳಿಗ್ಗೆ ನಾವು ಗಂಡ ಹೆಂಡತಿ ಇದೇ ದಾರಿಯಲ್ಲಿ ಏಲಕ್ಕಿ ಕೊಯ್ಯಲು ಹತ್ತುತ್ತಿದ್ದೆವು. ನಮ್ಮವರು ಮುಂದೆ, ನಾನು ಹಿಂದೆ. ಮೇಲಿನಿಂದ ಮೂಟೆ ಹೊತ್ತವನೊಬ್ಬ ಇಳಿದು ಬಂದ. “ಬಾ ಮಾರಾಯ, ನಿಧಾನ,” ಎನ್ನುತ್ತಾ ಇವರು ಹೊರಗೆ ಕಾಲಿಟ್ಟರು. ಮಳೆಗೆ ಸೊಂಪಾಗಿ ಬೆಳೆದ ಹುಲ್ಲು ಅಂಚಿನಿಂದಾಚೆಗೂ ಬಾಗಿತ್ತು.

ಹುಲ್ಲಿನ ಕೆಳಗೆ ನೆಲ ಇರಲಿಲ್ಲ.

ಎಲ್ಲವನ್ನೂ ಪಲ್ಲವಿಗೆ ಹೇಳಿದೆ. ಅವಳು ಮೊಬೈಲು ಬದಿಗಿಟ್ಟು ನನ್ನ ಕೈ ಹಿಡಿದು ಕುಳಿತಳು. ಆಮೇಲೆ ಕೇಳಿದಳು: “ಹಂಗಾದ್ರೆ ಬರೋ ಭಾನುವಾರ ಮತ್ತೆ ಟ್ರೆಕಿಂಗ್ ಹೋಗ್ಬೇಡ ಅಂತೀರಾ?”

ಹೋಗಬೇಡ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಉಸಿರಾಡಲೂ ಕಷ್ಟಪಟ್ಟ ಮಗು ಬೆಟ್ಟ ಹತ್ತುತ್ತೇನೆ ಎನ್ನುವಾಗ ಬೇಡ ಎನ್ನಲು ಯಾವ ಅಜ್ಜಿಗೆ ಬಾಯಿ ಬಂದೀತು?

“ಹೋಗು. ಯಾರು ಎದುರಾದ್ರೂ ಗುಡ್ಡಕ್ಕೆ ಬೆನ್ನು ಒತ್ತಿ ನಿಲ್ಲು.”

“ಹೊರೆ ಇರೋರು ಬಂದ್ರೆ?”

“ಅವರು ದೂರದಲ್ಲಿ ಕಂಡಾಗ್ಲೇ ಅಗಲ ಇರೋ ಜಾಗ ನೋಡಿ ನಿಂತ್ಬಿಡು. ತಡ ಆದ್ರೆ ಆಗ್ಲಿ.”

ದಾರಿ ಬಿಡು ಎಂದು ಮಕ್ಕಳಿಗೆ ಕಲಿಸುವ ನಾವು, ಬಿಡುವ ಮೊದಲು ಕಾಲ ಕೆಳಗೆ ನೆಲವಿದೆಯಾ ನೋಡು ಎಂದು ಯಾಕೆ ಕಲಿಸುವುದಿಲ್ಲ?